ತೀರ್ಮಾನದ ಪ್ರಮಾಣ

ಭಾಷಾಂತರ ಮಾಡುವವನಿಗೆ ಸ್ವಂತ ಅಭಿಪ್ರಾಯ ಇರಬಾರದು, ಇದ್ದರೂ ಅದನ್ನು ಜೇಬಿನಲ್ಲಿಟ್ಟುಕೊಂಡು ಕೋರ್ಟಿಗೆ ಬರಬೇಕು ಎಂದು ನಮ್ಮ ವಕೀಲೆ ಹೇಳುತ್ತಿದ್ದರು. ಅವರು ಕುವೈತಿನವರೇ, ಮಾತು ಕಡಿಮೆ, ಫೈಲು ಓದುವುದು ಜಾಸ್ತಿ. ಅವರ ಕಚೇರಿಯಲ್ಲಿ ಅರಬ್ಬಿಯಿಂದ ನಮ್ಮ ಜನರ ಭಾಷೆಗಳಿಗೆ, ನಮ್ಮ ಜನರ ಭಾಷೆಗಳಿಂದ ಅರಬ್ಬಿಗೆ ಮಾತು ದಾಟಿಸುವುದು ನನ್ನ ಕೆಲಸ. ವಕೀಲೆಯ ಆ ಮಾತನ್ನು ನಾನು ಸುಮಾರಾಗಿ ಪಾಲಿಸಿಕೊಂಡೇ ಬಂದಿದ್ದೆ. ಶುವೈಖಿನ ಗ್ಯಾರೇಜಿನ ಕೇಸಿನಲ್ಲಿ ಮಾತ್ರ ಆಗಲಿಲ್ಲ.

ಆ ಗ್ಯಾರೇಜು ನಡೆಸುತ್ತಿದ್ದವರು ಇಬ್ಬರು. ಇಬ್ಬರೂ ಬಂಟ್ವಾಳದ ಕಡೆಯವರು, ಒಂದೇ ಊರು, ಒಂದೇ ದೈವಕ್ಕೆ ಕೈ ಮುಗಿಯುವ ಮನೆಗಳು. ಒಬ್ಬರು ಮೆಕ್ಯಾನಿಕ್. ನನಗಿಂತ ಸ್ವಲ್ಪ ದೊಡ್ಡವರು, ನಾನು ಅಣ್ಣ ಎಂದೇ ಕರೆಯುವುದು. ಇನ್ನೊಬ್ಬ ಗಿರಾಕಿ, ಲೈಸೆನ್ಸು, ಹೆಸರು ಕೊಟ್ಟ ಕುವೈತಿ ಕಫೀಲ್ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು. ಅವನು ನನ್ನ ಗೆಳೆಯ. ನನ್ನ ಮದುವೆಗೆ ಮುಂಚೆ ಫಿಂಟಾಸಿನಲ್ಲಿ ನಾವಿಬ್ಬರು ಒಂದೇ ರೂಮಿನಲ್ಲಿದ್ದೆವು. ರಂಜಾನಿನಲ್ಲಿ ನನಗಿಂತ ಮುಂಚೆ ಎದ್ದು ನಸುಕಿನ ಅತ್ತಾಳದ ಅನ್ನ ಬಿಸಿ ಮಾಡಿಡುತ್ತಿದ್ದವನು ಅವನು. ಒಮ್ಮೆ ನನಗೆ ಹೊಟ್ಟೆಯ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ನನ್ನ ಬಟ್ಟೆ ಬದಲಿಸಿದವನೂ ಅವನೇ. ಒಡಹುಟ್ಟಿದವರು ಮಾಡದ ಕೆಲಸ ಅದು.

ನಮ್ಮ ಕರಾವಳಿಯವರಲ್ಲಿ ಒಂದು ರೂಢಿ ಉಂಟು. ಗಲ್ಫಿನಲ್ಲಿ ಇಬ್ಬರು ಸೇರಿ ಏನಾದರೂ ಶುರು ಮಾಡಿದರೆ ಕಾಗದದಲ್ಲಿ ಒಬ್ಬನ ಹೆಸರು ಸಾಕು ಎನ್ನುತ್ತಾರೆ. ಉಳಿದದ್ದು ಮಾತು. ಮೆಕ್ಯಾನಿಕ್ ಅಣ್ಣನೂ ಹಾಗೇ ಮಾಡಿದ್ದರು. ಗ್ಯಾರೇಜಿನ ಕಾಗದದಲ್ಲಿ ಕಫೀಲನ ಜೊತೆ ಪಾಲುದಾರನಾಗಿ ಗೆಳೆಯನ ಹೆಸರಿತ್ತು, ಅಣ್ಣ ಅದೇ ಗ್ಯಾರೇಜಿನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ಕೆಲಸಗಾರ. ಅರ್ಧ ಅರ್ಧ ಎನ್ನುವುದು ಅವರಿಬ್ಬರ ನಡುವಿನ ಮಾತು. ಆ ಮಾತು ಆಡುವಾಗ ನಾನಿರಲಿಲ್ಲ, ಬೇರೆ ಯಾರೂ ಇರಲಿಲ್ಲ. ಮುಂದೆ ಗೆಳೆಯನ ಭಾವಮೈದುನ ಊರಿನಿಂದ ಬಂದ. ದುಡ್ಡಿನ ಗಲ್ಲೆಯಲ್ಲಿ ಅವನು ಕುಳಿತ. ಅಣ್ಣ ಅದನ್ನು ಪ್ರಶ್ನಿಸಿದರು. ವಾರ ಕಳೆಯುವಷ್ಟರಲ್ಲಿ ಅಣ್ಣನನ್ನು ಕೆಲಸದಿಂದ ತೆಗೆದು ಇಕಾಮಾ ರದ್ದು ಮಾಡಲು ಅರ್ಜಿ ಹೋಗಿತ್ತು.

ಅಣ್ಣ ನನ್ನನ್ನು ಹುಡುಕಿಕೊಂಡು ನಮ್ಮ ಕಚೇರಿಗೆ ಬಂದರು. ಅವರು ಬರೀ ಸಂಬಳದ ದೂರು ಕೊಡಲು ಒಪ್ಪಲಿಲ್ಲ.

"ನಾನು ಅಲ್ಲಿ ಕೆಲಸಕ್ಕಿದ್ದವ ಅಲ್ಲ ಸಾಹೇಬ್ರೇ. ಆ ಗ್ಯಾರೇಜು ಅರ್ಧ ನನ್ನದು. ಅದನ್ನು ಕೋರ್ಟು ಹೇಳ್ಬೇಕು. ಆಮೇಲೆ ಬೇಕಾದ್ರೆ ನಾನೇ ಬಿಟ್ಟು ಹೋಗ್ತೇನೆ" ಎಂದರು.

ನಾವು ಮಾತನಾಡಿದ್ದೆಲ್ಲ ತುಳುವಿನಲ್ಲಿ; ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಗೆಳೆಯನಿಗೆ ಎದುರು ಪಾರ್ಟಿಯ ಕಚೇರಿಯಲ್ಲಿ ನಾನಿರುವುದು ಗೊತ್ತಾಯಿತು. ನಾನೇ ಫೋನ್ ಮಾಡಿ ತಿಳಿಸಿದೆ, ಕದ್ದು ಮುಚ್ಚಿ ಮಾಡುವ ಅಭ್ಯಾಸ ನನಗಿಲ್ಲ. "ಅದು ನಿನ್ನ ಡ್ಯೂಟಿ ಮಾರಾಯ, ನಮ್ಮ ನಡುವೆ ಎಂತ ಉಂಟು?" ಎಂದು ನಕ್ಕ. ಅವನ ದೊಡ್ಡ ಮನಸ್ಸಿಗೆ ನಾನು ಸೋತುಹೋದೆ. ಇಂಥವನು ಮೋಸ ಮಾಡಿರಲಾರ, ಏನೋ ತಪ್ಪು ತಿಳುವಳಿಕೆ ಇರಬೇಕು ಎಂದೂ ಅನಿಸಿತು. ಅಣ್ಣ ಸುಳ್ಳು ಹೇಳುವವರಲ್ಲ, ಗೆಳೆಯ ಮೋಸ ಮಾಡುವವನಲ್ಲ. ಈ ಎರಡನ್ನೂ ಒಟ್ಟಿಗೆ ನಂಬಿಕೊಂಡು ನಾನು ಬಹಳ ಕಾಲ ಆ ಕೇಸಿನಲ್ಲಿ ಓಡಾಡಿದೆ.

ಕೆಳಗಿನ ಕೋರ್ಟಿನಲ್ಲಿ ಸೋತೆವು. ಪುರಾವೆ ಇಲ್ಲ ಎನ್ನುವ ಒಂದೇ ಮಾತಿನಲ್ಲಿ ತೀರ್ಪು ಮುಗಿಯಿತು. ವಕೀಲೆ ಅಪೀಲು ಹಾಕಿದರು. ಕೇಸು ಮುಗಿಯುವವರೆಗೆ ದೇಶದಲ್ಲಿರಲು ಅಣ್ಣನಿಗೆ ತಾತ್ಕಾಲಿಕ ಅನುಮತಿ ಸಿಕ್ಕಿತು. ಅಂದರೆ ಅಪೀಲು ಗೆದ್ದರೆ ಗ್ಯಾರೇಜಿನ ಅರ್ಧ ಮತ್ತು ಇಲ್ಲಿ ಇರುವ ಹಕ್ಕು, ಸೋತರೆ ವಿಮಾನ. ಅಷ್ಟು ಸ್ಪಷ್ಟವಾಗಿತ್ತು.

ಅಪೀಲು ಬಿದ್ದ ಪೀಠದಲ್ಲಿ ಮೂವರು ನ್ಯಾಯಾಧೀಶರು. ನಡುವೆ ಕೂರುವವರು ಈಜಿಪ್ಟಿನವರು, ಕರಾರಿನ ಮೇಲೆ ಬಂದವರು, ವಯಸ್ಸಾದವರು. ಅವರ ಬಗ್ಗೆ ನನಗೆ ಗೊತ್ತಿರುವುದೆಲ್ಲ ವಕೀಲೆ ಹೇಳಿದ್ದು ಮತ್ತು ನಾನು ಹಿಂದಿನ ಬೆಂಚಿನಿಂದ ಕಂಡದ್ದು. ನೈಲ್ ನದಿಯ ಮೇಲ್ಭಾಗದ ಸಣ್ಣ ಊರುಗಳಲ್ಲಿ ಸರಕಾರಿ ವಕೀಲರಾಗಿ ಶುರು ಮಾಡಿ, ರೈತರ ನೀರಿನ ಜಗಳ, ಗಡಿಯ ಜಗಳ ಕೇಳುತ್ತಾ ಮೇಲೆ ಬಂದವರಂತೆ. ಹೆಂಡತಿ ಊರಿನಲ್ಲೇ. ರಜೆಗೆ ಹೋಗಿ ಬರುವುದು. ಆ ವರ್ಷ ಅವರ ಕರಾರು ಮುಗಿಯುತ್ತಿತ್ತು. ಇಷ್ಟು ದೊಡ್ಡ ಕುರ್ಚಿಯಲ್ಲಿ ಕುಳಿತ ಮನುಷ್ಯನೂ ನಮ್ಮ ಹಾಗೆ ಕರಾರು ಎಣಿಸುವವನೇ ಎಂದು ತಿಳಿದಾಗ ನನಗೆ ಅವರ ಮೇಲೆ ಏನೋ ಒಂದು ಅಕ್ಕರೆ ಬಂತು.

ಅವರ ಕೆಲಸದ ರೀತಿ ಬೇರೆ. ಕೆಲವು ನ್ಯಾಯಾಧೀಶರು ವಕೀಲರು ಮಾತನಾಡುವಾಗ ಫೈಲು ತಿರುವುತ್ತಾರೆ. ಇವರು ಫೈಲು ಮುಂಚೆಯೇ ಓದಿ ಬರುತ್ತಿದ್ದರು. ಬಲಗೈಯ ಬೆರಳನ್ನು ಒಂದು ಸಾಲಿನ ಮೇಲೆ ಇಟ್ಟುಕೊಂಡು ಪಾರ್ಟಿಯನ್ನೇ ನೇರವಾಗಿ ಕೇಳುತ್ತಿದ್ದರು. ಕೆಳಗಿನ ಕೋರ್ಟಿನ ತಪ್ಪು ಹುಡುಕುವುದಲ್ಲ ತನ್ನ ಕೆಲಸ, ಕೇಸನ್ನು ಇನ್ನೊಮ್ಮೆ ಮೊದಲಿನಿಂದ ಕೇಳುವುದು ಎಂದು ಒಬ್ಬ ಎಳೆಯ ವಕೀಲನಿಗೆ ಅವರು ಹೇಳಿದ್ದನ್ನು ನಾನು ಕೇಳಿದ್ದೇನೆ. ಬಡವ ಬಲ್ಲಿದ ಎಂದು ಧ್ವನಿ ಬದಲಾಗುತ್ತಿರಲಿಲ್ಲ.

ಅವರು ಮೊದಲು ಮಾಡಿದ್ದು ಕೇಸನ್ನು ತಜ್ಞರ ಇಲಾಖೆಗೆ ಕಳಿಸಿದ್ದು. ಸ್ಥಳ ನೋಡಿ ವರದಿ ಕೊಡಲು ಒಬ್ಬ ಸರಕಾರಿ ತಜ್ಞರು ಶುವೈಖಿಗೆ ಬಂದರು. ನಾನೂ ಹೋದೆ. ಅಣ್ಣ ಗ್ಯಾರೇಜಿನ ಒಳಗೆ ನಿಂತು ಒಂದೊಂದನ್ನೇ ತೋರಿಸಿದರು. ಈ ಗುಂಡಿ ನಾನು ತೋಡಿಸಿದ್ದು, ಈ ಲಿಫ್ಟು ನಾನು ನಿಂತು ಕೂರಿಸಿದ್ದು, ಗಾಳಿಯ ಪೈಪು ಗೋಡೆಗೆ ಹೀಗೆ ಎಳೆದದ್ದು ಬೇಸಿಗೆಯಲ್ಲಿ ಕಂಪ್ರೆಸರ್ ಬಿಸಿಲಿಗೆ ಬೀಳಬಾರದೆಂದು. ನಾನು ಎಲ್ಲವನ್ನೂ ಅರಬ್ಬಿಗೆ ದಾಟಿಸಿದೆ. ತಜ್ಞರು ಕೇಳಿಸಿಕೊಂಡು, "ಒಳ್ಳೆಯ ಕೆಲಸಗಾರನೂ ಇದನ್ನೆಲ್ಲ ಮಾಡುತ್ತಾನೆ. ಮಾಲೀಕ ಎನ್ನಲು ಇದು ಸಾಲದು" ಎಂದರು. ಗೆಳೆಯ ಎಲ್ಲರಿಗೂ ಕಡಕ್ ಚಾಯ ತರಿಸಿದ್ದ. ನನಗೆ ಸಕ್ಕರೆ ಇಲ್ಲದ್ದನ್ನು ಬೇರೆಯೇ ಹೇಳಿದ್ದ. ನಾನು ಕುಡಿದೆ, ಅಣ್ಣ ಮುಟ್ಟಲಿಲ್ಲ.

ಮುಂದಿನದ್ದು ಸಾಕ್ಷಿ. ಹಿಂದೆ ಅದೇ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಒಬ್ಬ ಈಗ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಕಾಂಟ್ರಾಕ್ಟ್ ಕೆಲಸದಲ್ಲಿದ್ದ. ಗೆಳೆಯ ಎಲ್ಲರೆದುರು ಅಣ್ಣನನ್ನು "ನನ್ನ ಪಾರ್ಟ್ನರ್" ಎಂದು ಕರೆದದ್ದನ್ನು ಕೇಳಿದವನು. ಬರುತ್ತೇನೆ ಎಂದು ಖಂಡಿತವಾಗಿ ಹೇಳಿದ್ದ. ವಿಚಾರಣೆಯ ಬೆಳಿಗ್ಗೆ ಅವನ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮಧ್ಯಾಹ್ನ ಅವನೇ ಕರೆದ.

"ಸಾಹೇಬ್ರೇ, ಬೈಬೇಡಿ. ಗ್ಯಾರೇಜಿನ ಕಫೀಲ್, ನನ್ನ ಕಂಪೆನಿಯವ, ಇಬ್ರೂ ರಾತ್ರಿ ಹರಟೆಗೆ ಒಂದೇ ದಿವಾನಿಯಾದಲ್ಲಿ ಕೂತುಕೊಳ್ಳುವವರು. ನನಗೂ ಇಕಾಮಾ ಉಂಟಲ್ಲ. ನಾಲ್ಕು ಜನ ಮನೆಯಲ್ಲಿ ಉಣ್ಣುವವರಿದ್ದಾರೆ."

ಬೈಯಬೇಕೆಂದೇ ಬಾಯಿ ತೆರೆದೆ. ಆದರೆ ಏನೆಂದು ಬೈಯಲಿ? ಖಲಾಸ್, ಫೋನ್ ಇಡು ಎಂದೆ.

ಅಲ್ಲಿಗೆ ನಮ್ಮ ಕೈ ಖಾಲಿ. ವಕೀಲೆಯ ಕಚೇರಿಯಲ್ಲಿ ನಾವು ಮೂವರು ಕುಳಿತಿದ್ದೆವು. ಅವರು ಇನ್ನು ಏನೂ ಉಳಿದಿಲ್ಲ ಎನ್ನುವುದನ್ನು ಮೆಲ್ಲಗೆ ವಿವರಿಸುತ್ತಿದ್ದರು, ನಾನು ಅದನ್ನು ಇನ್ನೂ ಮೆಲ್ಲಗೆ ತುಳುವಿಗೆ ತರುತ್ತಿದ್ದೆ. ಅಣ್ಣ ನಡುವೆ ತಡೆದರು.

"ಅವ ಪ್ರಮಾಣ ಮಾಡ್ಲಿ ಸಾಹೇಬ್ರೇ. ಗ್ಯಾರೇಜಿನಲ್ಲಿ ಇವನಿಗೆ ಪಾಲಿಲ್ಲ ಅಂತ ದೇವರ ಹೆಸರಲ್ಲಿ ಅವ ಹೇಳ್ಲಿ. ಹೇಳಿದ್ರೆ ನಾನು ನಾಳೆಯೇ ಊರಿಗೆ ಹೋಗ್ತೇನೆ. ಅವ ಹೇಳುವುದಿಲ್ಲ. ನನಗೆ ಗೊತ್ತುಂಟು."

ಊರಿನಲ್ಲಿ ಹೀಗೆ ಕೇಳುವುದು ಹೊಸತಲ್ಲ. ನಮ್ಮ ಕಡೆ ಇಬ್ಬರ ಜಗಳ ಪಂಚಾಯಿತಿಗೆ ಬಗ್ಗದಿದ್ದರೆ ಊರು ಕಾಯುವ ದೈವದ ನಡೆಗೆ ಹೋಗುತ್ತದೆ. ನಡೆ ಎಂದರೆ ಗುಡಿಯ ಎದುರಿನ ಜಾಗ. ಅಲ್ಲಿ ನಿಂತು ಪ್ರಮಾಣ ಮಾಡಬೇಕು. ಸುಳ್ಳು ಇರುವವನು ಹಿಂದಿನ ದಿನವೇ ರಾಜಿಗೆ ಬರುತ್ತಾನೆ, ನಡೆಯವರೆಗೆ ಬರುವುದೇ ಇಲ್ಲ. ನಮ್ಮ ಬ್ಯಾರಿ ಮುಸಲ್ಮಾನರ ಮನೆಯ ಜಗಳವೂ ಅಲ್ಲಿ ತೀರ್ಮಾನವಾದದ್ದನ್ನು ನಾನು ಸಣ್ಣವನಿರುವಾಗ ಕಂಡಿದ್ದೇನೆ. ನಮಗೆ ನಮ್ಮ ದೀನು ಬೇರೆಯಾದರೂ ಆ ಜಾಗದಲ್ಲಿ ಸುಳ್ಳಾಡುವ ಧೈರ್ಯ ನಮ್ಮವರಿಗೂ ಇರಲಿಲ್ಲ.

ನಾನು ಅಣ್ಣನ ಮಾತನ್ನು ಅರಬ್ಬಿಯಲ್ಲಿ ಹೇಳಿದಾಗ ವಕೀಲೆ ಪೆನ್ನು ಕೆಳಗಿಟ್ಟರು. ಇಲ್ಲಿಯ ಕಾನೂನಿನಲ್ಲೂ ಅಂಥದ್ದೊಂದು ಇದೆ ಎಂದರು. ಯಮೀನ್ ಹಾಸಿಮಾ, ತೀರ್ಮಾನದ ಪ್ರಮಾಣ. ಪುರಾವೆ ಇಲ್ಲದವನು ಎದುರಾಳಿಗೆ "ಪ್ರಮಾಣ ಮಾಡು" ಎಂದು ಕೋರ್ಟಿನ ಮೂಲಕ ಕೇಳಬಹುದು. ಅವನು ಮಾಡಲು ಒಪ್ಪದಿದ್ದರೆ ಕೇಳಿದವನು ಗೆದ್ದ. "ನಾನು ಮಾಡುವುದಿಲ್ಲ, ನೀನೇ ಮಾಡು" ಎಂದು ತಿರುಗಿಸಲೂಬಹುದು. ಆದರೆ ಅವನು ಪ್ರಮಾಣ ಮಾಡಿಬಿಟ್ಟರೆ ಕೇಸು ಅಲ್ಲಿಗೆ ಮುಗಿಯಿತು. ಆಮೇಲೆ ಬೆಟ್ಟದಷ್ಟು ಪುರಾವೆ ತಂದರೂ ಕೋರ್ಟು ಕೇಳುವುದಿಲ್ಲ.

"ನಾನು ಇದನ್ನು ಮಾಡಿಸುವುದಿಲ್ಲ" ಎಂದರು ವಕೀಲೆ. "ಕಳ್ಳನಿಗೆ ಆಣೆ ಹಾಕು ಅಂದರಂತೆ, ಅವನು ಸದ್ಯ ಬಿಡುಗಡೆ ಬಂತು ಅಂದನಂತೆ. ನಮ್ಮಲ್ಲಿ ಗಾದೆಯೇ ಇದೆ."

"ಅವನು ಕಳ್ಳನಲ್ಲ ಉಸ್ತಾದಾ" ಎಂದೆ.

"ಹಾಗಾದರೆ ಈ ಕೇಸು ಯಾಕೆ?"

ಜೇಬಿನಲ್ಲಿದ್ದ ಅಭಿಪ್ರಾಯವೆಲ್ಲ ಹೊರಗೆ ಬಂತು. ಅವನ ಕೈಯಿಂದ ನಾನು ಉಂಡಿದ್ದೇನೆ, ಅವನ ತಾಯಿಯನ್ನು ನಾನು ಬಲ್ಲೆ, ಲಾಭಕ್ಕಾಗಿ ಮನುಷ್ಯ ಏನೇ ಮಾಡಿದರೂ ನಮ್ಮ ಕಡೆಯವನು ದೇವರ ಹೆಸರು ಹಿಡಿದು ಸುಳ್ಳು ಹೇಳಲಾರ, ಆ ಮಾತು ಅವನ ಗಂಟಲಲ್ಲೇ ನಿಲ್ಲುತ್ತದೆ ಎಂದೆಲ್ಲ ವಾದಿಸಿದೆ. ವಕೀಲೆ ಅಣ್ಣನನ್ನು ನೋಡಿದರು. ಅಣ್ಣ ಕೈ ಮುಗಿದರು.

ಇಂಥ ಪ್ರಮಾಣ ಕೇಳಲು ವಕೀಲರಿಗೆ ಸಾಮಾನ್ಯ ವಕಾಲತ್ತು ಸಾಲದು, ಕಕ್ಷಿದಾರ ಪ್ರತ್ಯೇಕ ಅಧಿಕಾರ ಕೊಡಬೇಕು. ಅದಕ್ಕಾಗಿ ನೋಟರಿಯ ಮುಂದೆ ಅಣ್ಣನಿಗೆ ಒಂದೊಂದು ಸಾಲನ್ನೂ ನಾನು ಓದಿ ಹೇಳಿದೆ. ಅವರು ಸಹಿ ಹಾಕುವಾಗ ಮುಖದಲ್ಲಿ ಎಷ್ಟೋ ದಿನಗಳ ನಂತರ ನಗು ಕಂಡಿತು. "ಇನ್ನು ನಿದ್ದೆ ಬರ್ತದೆ" ಎಂದರು.

ಅರ್ಜಿ ಪೀಠದ ಮುಂದೆ ಬಂದಾಗ ನ್ಯಾಯಾಧೀಶರು ಬೆರಳು ಫೈಲಿನಿಂದ ತೆಗೆದರು. ಅಣ್ಣನನ್ನು ಹತ್ತಿರ ಕರೆದು, ಕೋರ್ಟಿನ ಹಿಂದಿ ಭಾಷಾಂತರಕಾರರ ಮೂಲಕ ಕೇಳಿದರು.

"ನಿನಗೆ ಅರ್ಥವಾಗಿದೆಯಾ? ನೀನು ನಿನ್ನ ಎದುರಾಳಿಯನ್ನೇ ನ್ಯಾಯಾಧೀಶನನ್ನಾಗಿ ಮಾಡುತ್ತಿದ್ದೀಯೆ. ಅವನು ಬಾಯಿ ತೆರೆದ ಮೇಲೆ ನಾನು ಇಲ್ಲಿ ಬರೆದುಕೊಳ್ಳುವವನು ಮಾತ್ರ."

"ಅರ್ಥ ಆಗಿದೆ."

"ಅವನ ಒಳಗೆ ಏನಿದೆ ಎಂದು ನೋಡಲು ನನಗೆ ಅಧಿಕಾರವಿಲ್ಲ. ನೀನು ಯೋಚಿಸಿ ಮುಂದಿನ ಸಲ ಬಾ."

"ಯೋಚನೆ ಮಾಡಿ ಆಗಿದೆ. ಅವ ನಮ್ಮ ಊರಿನವ" ಎಂದರು ಅಣ್ಣ. ಹಿಂದಿ ಭಾಷಾಂತರಕಾರರು ಆ ಕೊನೆಯ ಮಾತನ್ನೂ ಬಿಡದೆ ಹೇಳಿದರು. ನ್ಯಾಯಾಧೀಶರು ಪ್ರಮಾಣದ ವಾಕ್ಯವನ್ನು ತಾವೇ ತಿದ್ದಿ ಬಿಗಿ ಮಾಡಿದರು. ಪಾಲು ಎನ್ನುವುದರ ಜೊತೆಗೆ "ಬಾಯಿಮಾತಿನಲ್ಲಾಗಲಿ, ಬರಹದಲ್ಲಾಗಲಿ" ಎಂದು ಸೇರಿಸಿದರು. ಜಾರಿಕೊಳ್ಳಲು ಸಂದು ಇರಬಾರದೆಂದು. ಆ ಮನುಷ್ಯ ತನ್ನ ಕೈಯಲ್ಲಾದದ್ದನ್ನು ಮಾಡಿದರು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಪ್ರಮಾಣದ ದಿನ ಗೆಳೆಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದ. ನನ್ನನ್ನು ಕಂಡು ಕಣ್ಣಿನಲ್ಲೇ ಮಾತನಾಡಿಸಿದ. ಅವನು ಒಪ್ಪುವುದಿಲ್ಲ, ಈಗ ಅಣ್ಣನ ಕೈ ಹಿಡಿದು ರಾಜಿ ಎನ್ನುತ್ತಾನೆ ಎಂದೇ ನಾನು ಕಾದಿದ್ದೆ. ಕೇಸು ಕರೆದರು. ಹಿಂದಿ ಭಾಷಾಂತರಕಾರರು ಮುಂದೆ ಬಂದಾಗ ಗೆಳೆಯ ತನ್ನ ವಕೀಲರ ಕಿವಿಯಲ್ಲಿ ಏನೋ ಹೇಳಿದ. ಆ ವಕೀಲರು ಎದ್ದು, ತಮ್ಮ ಕಕ್ಷಿದಾರನ ಹಿಂದಿ ಅಂಗಡಿಯ ಹಿಂದಿ, ಪ್ರಮಾಣದಂಥ ವಿಷಯವನ್ನು ಅವನು ತನ್ನ ಭಾಷೆಯಲ್ಲೇ ತಿಳಿಯಬೇಕು, ಎದುರು ಕಚೇರಿಯವರಾದರೂ ಪರವಾಗಿಲ್ಲ, ಅಲ್ಲಿ ಕುಳಿತಿರುವ ಭಾಷಾಂತರಕಾರರ ಮೇಲೆ ಅವನಿಗೆ ಪೂರ್ತಿ ನಂಬಿಕೆ ಇದೆ ಎಂದರು. ವಕೀಲೆ ನನ್ನತ್ತ ತಿರುಗಿದರು. ಅವರಿಗೂ ಆಕ್ಷೇಪ ಮಾಡಲು ಕಾರಣ ಇರಲಿಲ್ಲ.

ಮುಂದೆ ಹೋದೆ. ಭಾಷಾಂತರ ಮಾಡುವವನೂ ಮೊದಲು ಪ್ರಮಾಣ ಮಾಡಬೇಕು. ಕೂಡಿಸದೆ, ಕಳೆಯದೆ, ಇದ್ದದ್ದನ್ನು ಇದ್ದ ಹಾಗೆ ದಾಟಿಸುತ್ತೇನೆ ಎಂದು ಅಲ್ಲಾಹನ ಹೆಸರಿನಲ್ಲಿ ಹೇಳಿದೆ.

ನ್ಯಾಯಾಧೀಶರು ವಾಕ್ಯವನ್ನು ಓದಿದರು. ನಾನು ತುಳುವಿನಲ್ಲಿ ಬಿಡಿಸಿ ಹೇಳಿದೆ. ಗೆಳೆಯ ತಲೆಯಾಡಿಸಿದ.

"ಪ್ರಮಾಣ ಮಾಡುತ್ತೀಯಾ, ನಿರಾಕರಿಸುತ್ತೀಯಾ, ಅವನಿಗೇ ತಿರುಗಿಸುತ್ತೀಯಾ?"

"ಮಾಡ್ತೇನೆ."

ಅಣ್ಣನ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

"ನಿನ್ನ ಧರ್ಮದಲ್ಲಿ ಬೇರೆ ಕ್ರಮವಿದ್ದರೆ ಹಾಗೆ ಮಾಡಲು ಕಾನೂನು ಬಿಡುತ್ತದೆ. ನಿಮ್ಮವರು ಯಾರ ಹೆಸರಿನಲ್ಲಿ, ಏನು ಮುಟ್ಟಿ ಪ್ರಮಾಣ ಮಾಡುತ್ತಾರೆ?" ಎಂದು ನ್ಯಾಯಾಧೀಶರು ಕೇಳಿದರು.

ನಾನು ಅದನ್ನು ತುಳುವಿನಲ್ಲಿ ಕೇಳಿದೆ. ಗೆಳೆಯ, "ಬೇಡ. ಇಲ್ಲಿಯ ಕ್ರಮವೇ ಸಾಕು ಅಂತ ಹೇಳು" ಎಂದ.

"ಹಾಗಾದರೆ ನಿನ್ನ ಭಾಷೆಯಲ್ಲಿ ಹೇಳು, ಇವರು ಅರಬ್ಬಿಗೆ ತರುತ್ತಾರೆ."

"ಅದೂ ಬೇಡ. ಅರಬ್ಬಿಯಲ್ಲೇ ಹೇಳ್ತೇನೆ. ನೀನು ಒಂದೊಂದೇ ಶಬ್ದ ಹೇಳಿಕೊಡು."

ನ್ಯಾಯಾಧೀಶರ ಹುಬ್ಬು ಸ್ವಲ್ಪ ಮೇಲೆ ಹೋಯಿತು. ಆದರೆ ಅಲ್ಲಿ ನಿಂತು ನಾನು ಮಾಡುವುದೇನಿತ್ತು? ಕೂಡಿಸುವ ಹಾಗಿಲ್ಲ, ಕಳೆಯುವ ಹಾಗಿಲ್ಲ. ಸರ್ವಶಕ್ತನಾದ ಅಲ್ಲಾಹನ ಮೇಲೆ ಪ್ರಮಾಣ ಮಾಡುತ್ತೇನೆ, ಎಂದು ನಾನು ಅರಬ್ಬಿಯಲ್ಲಿ ಹೇಳಿದೆ, ಅವನು ಹೇಳಿದ. ಈ ಗ್ಯಾರೇಜಿನಲ್ಲಿ ಈ ಮನುಷ್ಯನಿಗೆ ಬಾಯಿಮಾತಿನಲ್ಲಾಗಲಿ ಬರಹದಲ್ಲಾಗಲಿ ಯಾವ ಪಾಲೂ ಇಲ್ಲ, ಎಂದು ಹೇಳಿದೆ, ಅವನು ಹೇಳಿದ. ಎಲ್ಲೂ ತಡವರಿಸಲಿಲ್ಲ. ಬರೆದುಕೊಳ್ಳುವವರು ಬರೆದುಕೊಂಡರು. ನ್ಯಾಯಾಧೀಶರು ನನಗೆ, "ನಿಮ್ಮ ಮುಖ ಬಿಳಿಚಿದೆ, ನೀರು ಕುಡಿಯಿರಿ" ಎಂದರು. ತೀರ್ಪಿಗೆ ದಿನ ಕೊಟ್ಟು ಮುಂದಿನ ಕೇಸು ಕರೆದರು.

ಅಣ್ಣನನ್ನು ನನ್ನ ಕಾರಿನಲ್ಲೇ ಫಿಂಟಾಸಿಗೆ ಕರೆದುಕೊಂಡು ಹೋದೆ. ಸಮುದ್ರದ ಪಕ್ಕದ ರಸ್ತೆಗೆ ಬರುವವರೆಗೂ ನನ್ನ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಅವನು ದೇವರ ಮೇಲೆ ಪ್ರಮಾಣ ಮಾಡಿದ. ಪ್ರಮಾಣ ಮಾಡಿದವನು ಸುಳ್ಳು ಹೇಳಲಾರ. ಹಾಗಾದರೆ ಸುಳ್ಳು ಹೇಳಿದವರು ಯಾರು?

"ಅಣ್ಣ, ಬೇಸರ ಮಾಡ್ಬೇಡಿ. ಅರ್ಧ ಅರ್ಧ ಅಂತ ಅವ ನಿಜವಾಗಿ ಹೇಳಿದ್ದಾ?" ಎಂದೆ.

ಅವರು ಕಿಟಕಿಯ ಕಡೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು.

"ನೀವೂ ಕೇಳ್ತೀರಾ ಸಾಹೇಬ್ರೇ?" ಎಂದರು. ಅಷ್ಟೇ. ಇಳಿಯುವಾಗ ಬಾಗಿಲನ್ನು ಸದ್ದಾಗದ ಹಾಗೆ ಹಾಕಿದರು.

ತೀರ್ಪು ಇನ್ನೂ ಬಂದಿರಲಿಲ್ಲ. ಆ ವಾರದ ಕೊನೆಗೆ ಗೆಳೆಯನ ಫೋನು ಬಂತು. "ಎಂತ ಮಾರಾಯ, ಮುಖ ಸಣ್ಣ ಮಾಡಿಕೊಂಡು ಕೂತಿದ್ದಿಯಂತೆ. ನಿನ್ನ ಕಾರಿನ ಬ್ರೇಕ್ ಕಿರುಗುಟ್ಟುವುದು ನನಗೆ ಕೋರ್ಟಿನ ಪಾರ್ಕಿಂಗಿನಲ್ಲೇ ಕೇಳಿತು. ತಾ, ನೋಡಿಕೊಡ್ತೇನೆ. ಯಲ್ಲಾ, ಊಟಕ್ಕೇ ಬಾ." ಹೋದೆ. ಹೋಗಬಾರದಿತ್ತು ಎಂದು ಹೇಳುವುದಿಲ್ಲ. ಹೋಗದಿದ್ದರೆ ಅಣ್ಣನ ಮೇಲಿನ ಸಂಶಯ ನನ್ನಲ್ಲೇ ಉಳಿದುಬಿಡುತ್ತಿತ್ತು.

ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಅವನು ಮೀನು ಸಾರು ಮಾಡಿಸಿದ್ದ. ಬಡಿಸಿದ. ನಾನು ಅನ್ನ ಕಲಸಲಿಲ್ಲ.

"ಒಂದು ಮಾತು ಹೇಳು. ನಿನ್ನ ಪ್ರಮಾಣ ನಿಜವಾ?"

"ಯಾವ ಪ್ರಮಾಣ?"

"ಅರ್ಥ ಆಗದವರ ಹಾಗೆ ಮಾಡ್ಬೇಡ."

ಅವನು ತನ್ನ ಬಟ್ಟಲಿನಿಂದ ಮುಳ್ಳು ತೆಗೆಯುತ್ತಾ ಹೇಳಿದ. "ನಾನು ದೈವದ ನಡೆಯಲ್ಲಿ ನಿಂತು ಹೇಳಿದ್ದಾ? ತುಳುವಿನಲ್ಲಿ ಹೇಳಿದ್ದಾ? ಇಲ್ಲ ಅಲ್ವಾ? ಊರಲ್ಲಿ ಅವ ಹೀಗೆ ಕೇಳ್ತಿದ್ರೆ ನಾನು ಬಾಯಿ ಬಿಡ್ತಿರ್ಲಿಲ್ಲ. ಅರ್ಧ ಅಲ್ಲೇ ಬರೆದು ಕೊಡ್ತಿದ್ದೆ. ಇದು ಈ ದೇಶದ ಕೋರ್ಟು, ಈ ದೇಶದ ಮಾತು. ನೀನು ಹೇಳಿಕೊಟ್ಟೆ, ನಾನು ಗಿಳಿಯ ಹಾಗೆ ಹೇಳಿದೆ. ನಮ್ಮ ದೈವದ ಮುಂದೆ ನಾನು ಏನೂ ಹೇಳಿಲ್ಲ."

"ನನ್ನ ದೇವರ ಹೆಸರು ಹಿಡಿದು ಹೇಳಿದ್ದಿಯಲ್ಲ."

"ನಿನ್ನ ದೇವರಿಗೂ ನನಗೂ ಎಂತ ಲೆಕ್ಕ ಉಂಟು? ಆ ಹೆಸರು ನಿನ್ನ ಬಾಯಿಂದಲೇ ಬರ್ಲಿ ಅಂತ ನಿನ್ನನ್ನು ಕೇಳಿಕೊಂಡದ್ದು. ಆ ಹಿಂದಿಯವ ಇದ್ದಿದ್ರೆ ನನಗೆ ಮಾತೇ ಏಳ್ತಿರ್ಲಿಲ್ಲ. ನೀನು ಪಕ್ಕದಲ್ಲಿ ಇದ್ದಾಗ ಧೈರ್ಯ ಬಂತು ನೋಡು. ತಿನ್ನು, ತಣ್ಣಗಾಗ್ತದೆ."

ಅದನ್ನು ಅವನು ಹೇಳಿದ್ದು ಕೆಟ್ಟ ಮಾತಿನ ಹಾಗಲ್ಲ. ಪ್ರೀತಿಯಿಂದ ಹೇಳಿದ. ಬೆನ್ನಿಗೆ ಚೂರಿ ಹಾಕುವವನು ಕನಿಷ್ಠ ಮುಖ ತಪ್ಪಿಸಿಕೊಂಡಾದರೂ ತಿರುಗುತ್ತಾನೆ. ಇವನು ಊಟಕ್ಕೆ ಕರೆದ. ಎದ್ದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಇಲ್ಲಿ ಬರೆಯುವಂಥದ್ದಲ್ಲ. ಅವನು "ಕೂತುಕೋ, ಕೂತುಕೋ ಮಾರಾಯ" ಎನ್ನುತ್ತಲೇ ಇದ್ದ. ಆಪರೇಷನ್ ಆದಾಗ ನನ್ನ ಬಟ್ಟೆ ಬದಲಿಸಿದ ಕೈ ಅದೇ ಹೌದೋ ಅಲ್ಲವೋ ಎಂದು ನೋಡಿದೆ. ಅದೇ ಕೈ.

ನೇರ ವಕೀಲೆಯ ಹತ್ತಿರ ಹೋದೆ. ಅವನೇ ಒಪ್ಪಿಕೊಂಡಿದ್ದಾನೆ, ನಾನು ಸಾಕ್ಷಿ ಹೇಳುತ್ತೇನೆ, ತೀರ್ಪು ಬರುವ ಮುಂಚೆ ನ್ಯಾಯಾಧೀಶರಿಗೆ ತಿಳಿಸಿ ಎಂದೆ. ಅವರು ನನ್ನನ್ನು ಪೂರ್ತಿ ಮಾತನಾಡಲು ಬಿಟ್ಟರು. ಗಾದೆಯನ್ನು ಮತ್ತೆ ಎತ್ತಲಿಲ್ಲ, ಅದು ಅವರ ದೊಡ್ಡತನ.

"ತೀರ್ಮಾನದ ಪ್ರಮಾಣ ಆದ ಮೇಲೆ ಅದು ಸುಳ್ಳು ಎಂದು ಇದೇ ಕೇಸಿನಲ್ಲಿ ತೋರಿಸಲು ಬರುವುದಿಲ್ಲ. ಸುಳ್ಳು ಪ್ರಮಾಣಕ್ಕೆ ಬೇರೆ ಕ್ರಿಮಿನಲ್ ದೂರು ಕೊಡಬಹುದು. ಆದರೆ ಸಾಕ್ಷಿ ಯಾರು? ನೀನೊಬ್ಬ. ಎದುರು ಕಚೇರಿಯ ಸಂಬಳದವನು. ಆ ಪ್ರಮಾಣವನ್ನು ಅವನ ಬಾಯಿಗೆ ಇಟ್ಟವನೂ ನೀನೇ. ಅವನು ಇಲ್ಲ ಎಂದರೆ?"

"ಆದರೂ ಕೊಡೋಣ."

"ಕೊಡೋಣ" ಎಂದರು. ಕೊಟ್ಟೆವು. ತನಿಖೆಯವರು ನನ್ನನ್ನು ಕರೆದರು, ಅವನನ್ನೂ ಕರೆದರು. ಅವನು ಊಟಕ್ಕೆ ಕರೆದದ್ದು ಹೌದು, ಮಾತು ಸುಳ್ಳು ಎಂದ. ದೂರು ಅಲ್ಲೇ ನಿಂತಿತು.

ಅಪೀಲಿನ ತೀರ್ಪಿನ ದಿನ ನ್ಯಾಯಾಧೀಶರು ನಾಲ್ಕು ಸಾಲು ಓದಿದರು. ಪ್ರಮಾಣ ಕೇಳಲಾಯಿತು, ಪ್ರಮಾಣ ಮಾಡಲಾಯಿತು, ಅಪೀಲು ವಜಾ. ಧ್ವನಿಯಲ್ಲಿ ಏನೂ ಇರಲಿಲ್ಲ, ಇರಬಾರದು ಕೂಡ. ಓದಿದ ಮೇಲೆ ಫೈಲು ಮುಚ್ಚುವ ಮುಂಚೆ ಅಣ್ಣ ಕುಳಿತಿದ್ದ ಬೆಂಚಿನ ಕಡೆ ಒಮ್ಮೆ ನೋಡಿದರು. ಮುಂದಿನ ತಿಂಗಳು ಅವರ ಕರಾರು ಮುಗಿದು ಊರಿಗೆ ಹೋದರು ಎಂದು ಆಮೇಲೆ ತಿಳಿಯಿತು.

ಅಣ್ಣನ ತಾತ್ಕಾಲಿಕ ಅನುಮತಿಯೂ ಮುಗಿಯಿತು. ಹೊರಡುವ ದಿನ ಮಧ್ಯಾಹ್ನ ನಾನು ಅವರ ರೂಮಿಗೆ ಹೋದೆ. ಅವರು ಸೂಟ್‌ಕೇಸಿನ ಮೇಲೆ ಮೊಣಕಾಲು ಊರಿ ಜಿಪ್ಪು ಎಳೆಯುತ್ತಿದ್ದರು. ನಾನು ಕೂರದೆ ನಿಂತೇ ಎಲ್ಲವನ್ನೂ ಹೇಳಿದೆ. ಅವನು ಮೀನು ಸಾರಿನ ಎದುರು ಹೇಳಿದ್ದು, ದೈವದ ನಡೆ, ತುಳು, ಗಿಳಿ, ನನ್ನನ್ನೇ ಯಾಕೆ ಕೇಳಿಕೊಂಡ ಎನ್ನುವುದು, ಎಲ್ಲ. ಕಾರಿನಲ್ಲಿ ನಾನು ಕೇಳಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ದೂರಿನ ಗಡಿಬಿಡಿಯಲ್ಲಿ ತನಿಖೆಗೆ ಬೇಕಾದಷ್ಟನ್ನು ಮಾತ್ರ ಅವರಿಗೆ ತಿಳಿಸಿದ್ದೆವು, ಇಷ್ಟು ವಿವರ ಅವರಿಗೆ ಗೊತ್ತಿರಲಿಲ್ಲ.

ಅಣ್ಣ ಜಿಪ್ಪು ಬಿಟ್ಟು ನೆಲದ ಮೇಲೆ ಕುಳಿತರು. ಅವನನ್ನು ಶಪಿಸುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಬೇರೇನೋ ಯೋಚನೆ ಅವರ ಮುಖದಲ್ಲಿ ಕಂಡಿತು.

"ಹಾಗಾದ್ರೆ ಆ ಸುಳ್ಳು ಮೊದಲು ಬಂದದ್ದು ನಿಮ್ಮ ಬಾಯಿಂದ ಅಲ್ವಾ ಸಾಹೇಬ್ರೇ?"

"ಹೌದು."

"ನಿಮ್ಮ ದೇವರ ಹೆಸರಲ್ಲಿ."

"ಹೌದು ಅಣ್ಣ."

ಅವರು ಎದ್ದು ಸೂಟ್‌ಕೇಸಿನ ಜಿಪ್ಪು ಪೂರ್ತಿ ಎಳೆದರು. ಆಮೇಲೆ ಹೇಳಿದರು. "ನೀವು ಹೆದರ್ಬೇಡಿ. ನಾನು ನಾಳೆ ಊರಿಗೆ ಮುಟ್ಟಿದ ಕೂಡಲೇ ಮನೆಗೆ ಹೋಗುವ ಮುಂಚೆ ದೈವದ ಹತ್ತಿರ ಹೋಗ್ತೇನೆ. ಹೇಳಿಕೊಟ್ಟವರ ಮೇಲೆ ತಪ್ಪಿಲ್ಲ, ಅವರನ್ನು ಮುಟ್ಬೇಡ ಅಂತ ಕೈ ಮುಗಿದು ಹೇಳಿ ಬರ್ತೇನೆ. ನಿಮ್ಮ ದೇವರಿಗೆ ಹೇಳ್ಲಿಕ್ಕೆ ನನಗೆ ಭಾಷೆ ಗೊತ್ತಿಲ್ಲ. ಅದೊಂದು ನೀವೇ ಹೇಳಿಕೊಳ್ಳಿ."